ಕ್ಷಾಂತಿ ಯಾರಿಗೆ?




ದಶ ಪಾರಮಿತೆಗಳಲ್ಲಿ ಕ್ಷಾಂತಿಯೂ ಒಂದು. ಕ್ಷಾಂತಿ ಎಂದರೆ ತಾಳ್ಮೆ. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ನಮ್ಮ ಓಣಿಗಳಲ್ಲಿ ತಾಳ್ಮೆಯ ಉಪದೇಶ ಹೆಚ್ಚಾಗಿ ಸಿಗುವುದು ಗಂಡನ ಹೊಡೆತಕ್ಕೆ ಹೆದರಿ ತವರಿಗೆ ಬಂದ ಮಗಳಿಗೆ. “ತಾಳ್ಕೋ ಯವ್ವಾ, ಮಕ್ಕಳ ಮಾರಿ ನೋಡಿ ತಾಳ್ಕೋ” ಎಂದು ಹಿರಿಯರು ಸಮಾಧಾನ ಹೇಳಿ ಮರುದಿನ ಬಸ್ಸು ಹತ್ತಿಸುತ್ತಾರೆ. ಧಮ್ಮ ಹೇಳುವ ಕ್ಷಾಂತಿ ಇದೇ ಏನು? ಇಂದು ಇದನ್ನು ಯೋಚಿಸೋಣ.

ಇದು ಒಂದೆರಡು ಮನೆಯ ಮಾತಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ ಮಹಿಳೆಯರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ. ದೇಶದ ಸರಾಸರಿ 29. ಒಂದಲ್ಲ ಒಂದು ಕಾರಣಕ್ಕೆ ಗಂಡ ಹೊಡೆದರೆ ತಪ್ಪಲ್ಲ ಎಂದು ರಾಜ್ಯದ ನೂರಕ್ಕೆ 77 ಹೆಣ್ಣುಮಕ್ಕಳೇ ಹೇಳಿದ್ದಾರೆ. “ತಾಳ್ಕೋ” ಎಂದು ಹೇಳಿ ಹೇಳಿ, ಹೊಡೆತವೂ ನ್ಯಾಯವೆಂದು ಅವರು ನಂಬುವಂತಾಗಿದೆ.

ಈ ಉಪದೇಶ ನಮಗೆ ಹೊಸದೇ? ಹಿಂದಿನ ಜನ್ಮದ ಕರ್ಮ, ಹಣೆಬರಹ, ತಾಳಿಕೊಂಡು ಬಾಳಿರಿ ಎಂದು ನಮ್ಮ ಮುತ್ತಜ್ಜಂದಿರಿಗೆ ಊರು ಹೇಳುತ್ತಿತ್ತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ ಕೆರೆಯ ನೀರು ಕುಡಿದು ಆ ಉಪದೇಶವನ್ನು ತಿರಸ್ಕರಿಸಿದರು. ಊರು ನಮಗೆ ಹೇಳಿದಾಗ ಅನ್ಯಾಯವಾದ ಮಾತು, ನಾವು ಮನೆಯ ಹೆಣ್ಣುಮಗಳಿಗೆ ಹೇಳಿದಾಗ ಧಮ್ಮವಾಗುವುದಿಲ್ಲ.

ಕ್ಷಾಂತಿ ಎಂದರೆ ನನ್ನ ಸಿಟ್ಟನ್ನು ನಾನು ತಡೆಯುವುದು, ಎತ್ತಿದ ಕೈಯನ್ನು ಕೆಳಗಿಳಿಸುವುದು. ಅದನ್ನು ಮೊದಲು ಕಲಿಯಬೇಕಾದವನು ಹೊಡೆಯುವವನು. ದ್ವೇಷ ಬಿಡುವುದು ಬೇರೆ, ಪೆಟ್ಟಿಗೆ ಮೈ ಒಡ್ಡುವುದು ಬೇರೆ. ಸಿಗಾಲೋವಾದ ಸುತ್ತದಲ್ಲಿ ಭಗವಾನರು ಗಂಡನಿಗೆ ಐದು ಕರ್ತವ್ಯ ಹೇಳಿದ್ದಾರೆ. ಅದರಲ್ಲಿ ಮೊದಲನೆಯದು ಹೆಂಡತಿಯನ್ನು ಗೌರವಿಸುವುದು, ಎರಡನೆಯದು ಅವಳನ್ನು ಹೀಯಾಳಿಸದಿರುವುದು. ಮಾತಿನಲ್ಲೂ ಹೀಯಾಳಿಸಬಾರದು ಎಂದಮೇಲೆ ಕೈ ಎತ್ತುವ ಮಾತೆಲ್ಲಿಂದ ಬಂತು?

ಕೋಸಂಬಿಯ ಪ್ರಸಂಗ ನೆನಪಿಸಿಕೊಳ್ಳಿ. ಅಲ್ಲಿನ ಭಿಕ್ಷುಗಳು ಜಗಳ ಬಿಡಲಿಲ್ಲ. ಬುದ್ಧರು ಮತ್ತೆ ಮತ್ತೆ ಬುದ್ಧಿ ಹೇಳಿದರು, ಕೇಳಲಿಲ್ಲ. ಕೊನೆಗೆ ಅವರನ್ನು ಬಿಟ್ಟು ಪಾರಿಲೇಯ್ಯಕ ವನಕ್ಕೆ ನಡೆದರು. ಹಾಗೆ ಹೊರಟದ್ದರಿಂದ ಅವರ ಕ್ಷಾಂತಿಗೇನೂ ಕುಂದು ಬರಲಿಲ್ಲ. ಆಮೇಲೆ ಕೋಸಂಬಿಯ ಉಪಾಸಕರು ಆ ಭಿಕ್ಷುಗಳಿಗೆ ವಂದನೆಯನ್ನೂ ಭಿಕ್ಷೆಯನ್ನೂ ನಿಲ್ಲಿಸಿದರು. ಆಗ ಅವರಿಗೆ ಬುದ್ಧಿ ಬಂತು.

ನಮಗೂ ಇದೇ ದಾರಿ. ಹೆಂಡತಿಗೆ ಹೊಡೆಯುವವನು ತಿದ್ದಿಕೊಳ್ಳುವವರೆಗೆ ಅವನಿಗೆ ಜಯಂತಿಯ ವೇದಿಕೆ ಮೇಲೆ ಹಾರ ಬೇಡ, ವಂದನೆ ಹೇಳಿಕೊಡುವ ಮೈಕೂ ಬೇಡ.

“ಠಾಣೆಗೆ ಹೋದರೆ ನಮ್ಮ ಸಮಾಜದ ಮರ್ಯಾದಿ ಹೋಗ್ತದ, ಮೇಲಿನ ಓಣಿಯವರು ನಗ್ತಾರ” ಎನ್ನುವವರಿದ್ದಾರೆ. ಆ ಅಂಜಿಕೆ ಸುಳ್ಳಲ್ಲ. ಆದರೆ 1942ರ ಜುಲೈ 20ರಂದು ನಾಗಪುರದ ಮಹಿಳಾ ಸಮ್ಮೇಳನದಲ್ಲಿ ಬಾಬಾಸಾಹೇಬರು, ಸಮಾಜದ ಪ್ರಗತಿಯನ್ನು ತಾವು ಹೆಣ್ಣುಮಕ್ಕಳ ಪ್ರಗತಿಯಿಂದ ಅಳೆಯುವುದಾಗಿ ಹೇಳಿದರು. ಹೆಂಡತಿ ಗಂಡನ ಗೆಳತಿ, ಸಮಾನಳು, ದಾಸಿಯಲ್ಲ ಎಂದೂ ಹೇಳಿದರು. ಅವಳ ಗಾಯ ಮುಚ್ಚಿಟ್ಟು ಉಳಿಸಿಕೊಳ್ಳುವ ಮರ್ಯಾದೆ ಯಾವ ಮರ್ಯಾದೆ?

ಶಿಕ್ಷಕನಾಗಿ ಇನ್ನೊಂದು ಮಾತು. ರಾತ್ರಿ ತಾಯಿ ಪೆಟ್ಟು ತಿಂದದ್ದನ್ನು ಕಂಡ ಮಗು ಮರುದಿನ ಡಸ್ಟರ್ ಬಿದ್ದ ಸಪ್ಪಳಕ್ಕೂ ಬೆಚ್ಚುತ್ತದೆ. ಪಾಠ ತಲೆಗೆ ಹೋಗುವುದಿಲ್ಲ. ಕೆಲವು ಹುಡುಗರು ಆಟದಲ್ಲಿ ಹುಡುಗಿಯರಿಗೆ ಅಪ್ಪನ ಬೈಗುಳವನ್ನೇ ಬೈಯುತ್ತಾರೆ. ಮಕ್ಕಳ ಮಾರಿ ನೋಡಿ ತಾಳ್ಕೋ ಎನ್ನುವ ನಾವು ಆ ಮಾರಿಯನ್ನು ಸರಿಯಾಗಿ ನೋಡಬೇಕು.

2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಂತೆ ಅವಳಿಗೆ ಗಂಡನ ಮನೆಯಲ್ಲೇ ಇರುವ ಹಕ್ಕಿದೆ, ರಕ್ಷಣೆ ಮತ್ತು ಜೀವನಾಂಶ ಕೇಳುವ ಹಕ್ಕಿದೆ. ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಇದರ ರಕ್ಷಣಾಧಿಕಾರಿ. ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098. ಇರುವುದೋ ಬಿಡುವುದೋ ಅವಳ ತೀರ್ಮಾನ. ಜೊತೆಗೆ ಹೋಗಿ ಕಚೇರಿಯ ಬಾಗಿಲಲ್ಲಿ ನಿಲ್ಲುವುದು ನಮ್ಮ ಕೆಲಸ.

ಇಂದಿನ ಸಂಕಲ್ಪ: ತವರಿಗೆ ಬಂದ ಮಗಳಿಗೆ “ತಾಳ್ಕೋ” ಎನ್ನುವ ಮೊದಲು “ಉಂಡಿಯೇನವ್ವಾ, ಎಲ್ಲಿ ಪೆಟ್ಟಾಗ್ಯಾದ?” ಎಂದು ಕೇಳೋಣ. “ತಾಳ್ಕೋ” ಎಂಬ ಮಾತನ್ನು ಅಳಿಯನಿಗೆ ಹೇಳೋಣ.

ಭವತು ಸಬ್ಬ ಮಂಗಲಂ. ಜೈ ಭೀಮ್. 🙏