ಕಾಣದ ನೋವಿಗೆ ಸಾಕ್ಷಿ ಯಾರು?

ಕಣ್ಣಿಗೆ ಕಾಣುವ ಗಾಯಕ್ಕೆ ಲೋಕವು ಸಾಕ್ಷಿಯನ್ನು ಕೇಳುವುದಿಲ್ಲ. ಕಾಲು ಮುರಿದು ಬಂದವನಿಗೆ ಮಂಚ ಬಿಟ್ಟುಕೊಡುವರು. ಜ್ವರದಿಂದ ಮೈ ಕಾದವನ ಹಣೆಗೆ ಒದ್ದೆಬಟ್ಟೆ ಹಾಕುವರು. ಆದರೆ ಹೊರಗೆ ಯಾವ ಗುರುತನ್ನೂ ತೋರದೆ ಒಳಗೊಳಗೇ ಉರಿಯುವ ನೋವು ಒಂದುಂಟು. ಅನುಭವಿಸುವವರ ಮಾತೊಂದನ್ನು ಬಿಟ್ಟರೆ ಅದಕ್ಕೆ ಬೇರೆ ಸಾಕ್ಷಿಯಿಲ್ಲ. ಆ ಮಾತನ್ನು ನಂಬುವುದು ಕೇಳಿದವರ ಔದಾರ್ಯವೋ, ಅಥವಾ ಅವರು ಸಲ್ಲಿಸಲೇಬೇಕಾದ ಋಣವೋ? ಇದು ಪಂಡಿತರ ಒಣಚರ್ಚೆಯ ವಿಷಯವಲ್ಲ. ಎಂಡೊಮೆಟ್ರಿಯೋಸಿಸ್ ಎಂಬ ವ್ಯಾಧಿಯಿಂದ ನರಳುವ ಸ್ತ್ರೀಯರ ಬಾಳನ್ನೂ ದುಡಿಮೆಯನ್ನೂ ಕುರಿತು ಸಮಾಜಶಾಸ್ತ್ರಜ್ಞರು ನಡೆಸಿರುವ ಅಧ್ಯಯನಗಳು ಇದನ್ನು ಪ್ರತಿಯೊಂದು ಮನೆಯ ಪ್ರಶ್ನೆಯನ್ನಾಗಿ ಮಾಡಿವೆ.

ಗರ್ಭಕೋಶದ ಒಳಪೊರೆಯನ್ನು ಹೋಲುವ ಅಂಗಾಂಶವು ಗರ್ಭಕೋಶದ ಹೊರಗೆ, ಅಂಡಾಶಯದ ಮೇಲೆ, ಕಿಬ್ಬೊಟ್ಟೆಯ ಒಳಮೈಯಲ್ಲಿ, ಕೆಲವೊಮ್ಮೆ ಕರುಳು ಮೂತ್ರಕೋಶಗಳ ಮೇಲೆ ಬೆಳೆಯುವುದೇ ಈ ವ್ಯಾಧಿಯ ಸ್ವರೂಪ. ಅಲ್ಲಿ ಉರಿಯೂತವುಂಟಾಗಿ ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುವುದೂ ಉಂಟು. ಮುಟ್ಟಿನ ದಿನಗಳಲ್ಲಿ ಸಹಿಸಲಾಗದ ನೋವು, ಮಲಮೂತ್ರ ವಿಸರ್ಜನೆಯಲ್ಲಿಯೂ ದಾಂಪತ್ಯದ ಸಮಾಗಮದಲ್ಲಿಯೂ ನೋವು, ತೀರದ ಆಯಾಸ, ಕೆಲವರಲ್ಲಿ ಸಂತಾನಕ್ಕೆ ಅಡ್ಡಿ, ಇವು ಅದರ ಲಕ್ಷಣಗಳು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಮಕ್ಕಳನ್ನು ಹೆರುವ ವಯೋಮಾನದ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 10 ಮಂದಿ, ಎಂದರೆ ಜಗತ್ತಿನಲ್ಲಿ ಸುಮಾರು 19 ಕೋಟಿ ಮಂದಿ, ಇದಕ್ಕೆ ತುತ್ತಾಗಿದ್ದಾರೆ. ಔಷಧದಿಂದಲೂ ಶಸ್ತ್ರಚಿಕಿತ್ಸೆಯಿಂದಲೂ ಉಪಶಮನವುಂಟೇ ಹೊರತು ಬೇರುಸಹಿತ ಕಿತ್ತೊಗೆಯುವ ಚಿಕಿತ್ಸೆ ಇನ್ನೂ ದೊರೆತಿಲ್ಲ. ಇನ್ನೊಂದು ಸಂಗತಿ ವಿಶೇಷವಾಗಿ ಮನನೀಯವಾದುದು. ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ದರ್ಶಕನಳಿಕೆಯಿಂದ ಒಳಗೆ ನೋಡಿದಾಗ ಕಾಣುವ ವ್ಯಾಧಿಯ ವಿಸ್ತಾರಕ್ಕೂ ರೋಗಿಯು ಅನುಭವಿಸುವ ನೋವಿಗೂ ಸರಿಹೊಂದಿಕೆ ಇರುವುದಿಲ್ಲ. ಅಲ್ಪವಾಗಿ ಹರಡಿದವಳಿಗೆ ಘೋರವಾದ ನೋವಿರಬಹುದು. ಬಹಳವಾಗಿ ಹರಡಿದವಳಿಗೆ ನೋವೇ ಇಲ್ಲದಿರಬಹುದು. ಹೀಗೆ ಕಣ್ಣಿಗೆ ಕಂಡುದೂ ನೋವಿನ ಅಳತೆಗೋಲಾಗಲಾರದು. ಕೊನೆಗೆ ಉಳಿಯುವುದು ಅವಳ ಮಾತೊಂದೇ.

ಆ ಮಾತಿಗೆ ಲೋಕವು ಕೊಟ್ಟ ಬೆಲೆ ಎಷ್ಟು? ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಅಮೆರಿಕದ ವೈದ್ಯ ಜೋ ಮೀಗ್ಸ್ ಈ ವ್ಯಾಧಿಯನ್ನು ತಡವಾದ ವಿವಾಹಕ್ಕೂ ತಡವಾದ ಗರ್ಭಧಾರಣೆಗೂ ತಳಕುಹಾಕಿದನು. ಕಾಲಕ್ರಮದಲ್ಲಿ ಇದು ಉದ್ಯೋಗಸ್ಥ ಹೆಣ್ಣಿನ ಕಾಯಿಲೆಯೆಂಬ ಅಪಖ್ಯಾತಿಯನ್ನೇ ಪಡೆಯಿತು. ವೈದ್ಯರ ಬಳಿಗೆ ಹೋಗುವ ಅನುಕೂಲವಿದ್ದವರು ವಿದ್ಯಾವಂತರೂ ಧನಿಕರೂ ಆಗಿದ್ದುದರಿಂದ ರೋಗವು ಅವರಲ್ಲಿಯೇ ಕಾಣಿಸಿತೆಂಬ ಸರಳ ಸತ್ಯವು ಬಹುಕಾಲ ಹೊಳೆಯಲಿಲ್ಲ. 1976ರಲ್ಲಿ ಡೊನಾಲ್ಡ್ ಚಾಟ್ಮನ್ ಎಂಬ ಅಮೆರಿಕದ ವೈದ್ಯನು, ಕಿಬ್ಬೊಟ್ಟೆಯ ಸೋಂಕೆಂದು ಚಿಕಿತ್ಸೆ ಪಡೆಯುತ್ತಿದ್ದ ಕಪ್ಪು ಜನಾಂಗದ ಅನೇಕ ಸ್ತ್ರೀಯರಿಗೆ ನಿಜವಾಗಿ ಇದ್ದುದು ಈ ವ್ಯಾಧಿಯೇ ಎಂದು ತೋರಿಸಿದನು. ದುಡಿಯುವವಳಿಗೆ ದುಡಿಮೆಯೇ ಅಪರಾಧವಾಯಿತು; ಕಪ್ಪು ಹೆಣ್ಣಿಗೆ ಅವಳ ಶೀಲದ ಮೇಲಿನ ಸಂಶಯವೇ ರೋಗನಿರ್ಣಯವಾಯಿತು. ಮಾತನ್ನು ಕೇಳುವ ಮೊದಲೇ ಮಾತಾಡುವವಳನ್ನು ತೂಗಿನೋಡುವ ದುರಭ್ಯಾಸಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

2011ರಲ್ಲಿ ಪ್ರಕಟವಾದ ಒಂದು ಅಧ್ಯಯನವು 10 ದೇಶಗಳ 16 ಚಿಕಿತ್ಸಾಕೇಂದ್ರಗಳಲ್ಲಿ 1,418 ಸ್ತ್ರೀಯರನ್ನು ವಿಚಾರಿಸಿತು. ಲಕ್ಷಣಗಳು ತೋರಿದಂದಿನಿಂದ ರೋಗದ ಹೆಸರು ತಿಳಿಯುವುದಕ್ಕೆ ಸರಾಸರಿ 6.7 ವರ್ಷಗಳು ಹಿಡಿದಿದ್ದವು. ಇಷ್ಟು ವಿಳಂಬವೇಕೆ? 2006ರಲ್ಲಿ ಇಂಗ್ಲೆಂಡಿನ ಸಂಶೋಧಕರು 32 ಸ್ತ್ರೀಯರೊಡನೆ ನಡೆಸಿದ ಸಂಭಾಷಣೆಗಳಲ್ಲಿ ಉತ್ತರ ದೊರೆಯಿತು. ಹೆಣ್ಣಾದ ಮೇಲೆ ಇದು ಇದ್ದದ್ದೇ ಎಂದು ಮನೆಯವರು ತಿಳಿದರು. ವೈದ್ಯರೂ ಹಾಗೆಯೇ ತಿಳಿದರು. ಕೊನೆಗೆ ನೊಂದವಳೂ ಅದನ್ನೇ ನಂಬಿದಳು. ರೋಗಕ್ಕೊಂದು ಹೆಸರು ದೊರೆತಾಗ ಆ ಸ್ತ್ರೀಯರಿಗೆ ಒಂದು ಬಗೆಯ ಸಮಾಧಾನವಾಯಿತು. ತಮ್ಮ ಕಷ್ಟವನ್ನು ಹೇಳಿಕೊಳ್ಳಲು ಭಾಷೆ ಸಿಕ್ಕಿತು. ಕೆಲಸಕ್ಕೆ ಒಂದು ದಿನ ಹೋಗದಿದ್ದರೆ ಅದಕ್ಕೆ ಮನ್ನಣೆ ಸಿಕ್ಕಿತು. ನೋವು ನಿನ್ನೆಯೂ ಅದೇ, ಇಂದೂ ಅದೇ. ವೈದ್ಯನ ಚೀಟಿ ಬಂದ ಮೇಲೆ ಮಾತ್ರ ಅದಕ್ಕೆ ಮಾನ ಬಂದಿತು.

ಸಂದೇಹದ ಜೊತೆಗೆ ಲಜ್ಜೆಯೂ ಸೇರಿಕೊಂಡಿದೆ. ಕನ್ನಡನಾಡಿನಲ್ಲಿ ಮುಟ್ಟಾದವಳನ್ನು ‘ಹೊರಗಾದವಳು’ ಎನ್ನುವ ವಾಡಿಕೆಯುಂಟು. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳನ್ನು ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ಅಲ್ಲಗಳೆದು, ಲಿಂಗಧಾರಿಣಿಯಾದ ಸ್ತ್ರೀಗೆ ಯಾವ ದಿನವೂ ಹೊರಗಿಲ್ಲವೆಂದು ಸಾರಿದರು. ಆದರೆ ಸೂತಕವೆಂಬ ಶಬ್ದವನ್ನೇ ಅರಿಯದ ಆಸ್ಟ್ರೇಲಿಯದಲ್ಲಿಯೂ ಅದರ ನೆರಳು ಇದೆ. ಅಲ್ಲಿನ ಸಂಶೋಧಕಿ ಕೇಟ್ ಸಿಯರ್ 2009ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಮುಟ್ಟನ್ನು ಮರೆಮಾಚುವುದು ಒಂದು ಶಿಷ್ಟಾಚಾರವೇ ಆಗಿರುವುದನ್ನೂ, ಅದನ್ನು ಮೀರಿ ನೋವನ್ನು ಹೇಳಿಕೊಂಡವರು ದುರ್ಬಲರೆನಿಸಿಕೊಳ್ಳುವುದನ್ನೂ, ಈ ಅಂಜಿಕೆಯೇ ರೋಗನಿರ್ಣಯದ ವಿಳಂಬಕ್ಕೆ ಒಂದು ಕಾರಣವೆಂಬುದನ್ನೂ ತೋರಿಸಿದಳು. ಮಡಿಯ ಹೆಸರಿನಲ್ಲಾಗಲಿ, ಸಭ್ಯತೆಯ ಹೆಸರಿನಲ್ಲಾಗಲಿ, ಬಾಯಿ ಮುಚ್ಚಿಸುವ ಕೆಲಸ ಒಂದೇ. ಆದುದರಿಂದ ಸೂತಕವಿಲ್ಲವೆಂದು ಒಪ್ಪಿದ ಮಾತ್ರಕ್ಕೆ ಕರ್ತವ್ಯವು ಮುಗಿಯಿತೆಂದು ಭಾವಿಸುವಂತಿಲ್ಲ. ಒಳಗೆ ಕರೆದುಕೊಂಡವಳ ಮಾತಿಗೆ ಕಿವಿಗೊಡದಿದ್ದರೆ ಅವಳು ಒಳಗಿದ್ದೂ ಹೊರಗಿನವಳೇ.

ಇನ್ನು ದುಡಿಮೆಯ ವಿಚಾರ. ಮೇಲೆ ಹೇಳಿದ 2011ರ ಅಧ್ಯಯನದಲ್ಲಿ ಈ ವ್ಯಾಧಿಯುಳ್ಳ ಉದ್ಯೋಗಸ್ಥ ಸ್ತ್ರೀಯು ವಾರಕ್ಕೆ ಸರಾಸರಿ 10.8 ಗಂಟೆಗಳ ದುಡಿಮೆಯನ್ನು ಕಳೆದುಕೊಳ್ಳುತ್ತಾಳೆಂದು ತಿಳಿದುಬಂದಿತು. ಈ ನಷ್ಟದ ಬಹುಪಾಲು ಗೈರುಹಾಜರಿಯಿಂದ ಬಂದುದಲ್ಲ. ಹಾಜರಿದ್ದು, ನೋವನ್ನು ನುಂಗಿಕೊಂಡು ಮಾಡಿದ ಕೆಲಸವು ಕುಂಟಿದುದರಿಂದ ಬಂದುದು. 2012ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು, ಈ ವ್ಯಾಧಿಯಿಂದ ದುಡಿಮೆಯಲ್ಲಾಗುವ ನಷ್ಟವು ಚಿಕಿತ್ಸೆಯ ವೆಚ್ಚದ ಸುಮಾರು ಎರಡರಷ್ಟೆಂದು ಲೆಕ್ಕಹಾಕಿತು. ಹೀಗಿರಲು ಈ ಸ್ತ್ರೀಯರನ್ನು ಮೈಗಳ್ಳರೆನ್ನುವುದು ಎಷ್ಟು ದೊಡ್ಡ ಅನ್ಯಾಯ! ಮೈಗಳ್ಳನು ಕೆಲಸವನ್ನು ಬಿಟ್ಟು ಓಡುತ್ತಾನೆ. ಇವರು ಓಡಬೇಕಾದ ದಿನವೂ ಕೆಲಸದ ಬಳಿಯೇ ಕುಳಿತವರು.

ಕಾಯಕತತ್ತ್ವವನ್ನು ಒಪ್ಪಿದವರು ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕಾಗಿದೆ. ದುಡಿಯದವನಿಗೆ ಪ್ರಸಾದವಿಲ್ಲವೆಂಬ ಭಾವನೆಯು ನಿರ್ದಯವಾದ ಕೈಗಳಲ್ಲಿ ರೋಗಿಯನ್ನು ಹೊಡೆಯುವ ಕೋಲಾಗಬಹುದು. ಆದರೆ ಕಾಯಕದ ಅಳತೆಯು ರಾಶಿಯ ಗಾತ್ರವೆಂದು ಶರಣರು ಎಣಿಸಲಿಲ್ಲ. ಮಾರಯ್ಯನು ಎಂದಿಗಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದವಳು ಆಯ್ದಕ್ಕಿ ಲಕ್ಕಮ್ಮ. ಅವಳು ನೋಡಿದ್ದು ರಾಶಿಯನ್ನಲ್ಲ, ಮನಸ್ಸನ್ನು. ಆ ತಕ್ಕಡಿಯಲ್ಲಿ ತೂಗಿದರೆ, ಬೆನ್ನು ಬಾಗಿಸುವ ನೋವಿನಲ್ಲಿ ಅರ್ಧ ದಿನ ಮಾಡಿದ ಕೆಲಸವು ಆರೋಗ್ಯವಂತನ ಇಡೀ ದಿನದ ಕೆಲಸಕ್ಕೆ ಕಡಿಮೆಯಾಗಲಾರದು.

ಮನೆಯೊಳಗಿನ ಸ್ಥಿತಿಯೂ ವಿಚಾರಣೀಯವಾದುದು. ಇಂಗ್ಲೆಂಡಿನ ಲೆಸ್ಟರ್ ನಗರದ ಡಿ ಮಾಂಟ್‌ಫರ್ಟ್ ವಿಶ್ವವಿದ್ಯಾನಿಲಯದ ಸಂಶೋಧಕರು ತಮ್ಮ ಸಂಗಡಿಗರೊಡನೆ 22 ದಂಪತಿಗಳನ್ನು, ಗಂಡನನ್ನೂ ಹೆಂಡತಿಯನ್ನೂ ಬೇರೆಬೇರೆಯಾಗಿ, ಮಾತನಾಡಿಸಿದರು. ಸಂತಾನದ ಚಿಂತೆ, ದಾಂಪತ್ಯಸುಖದ ಕುಂದು, ಆದಾಯದ ಇಳಿತ, ಮನೆಗೆಲಸದ ಹೊರೆ, ಇವೆಲ್ಲವೂ ಇಬ್ಬರ ಮಾತಿನಲ್ಲಿಯೂ ಬಂದವು. ಏನು ಮಾಡಲೂ ತೋಚದ ಅಸಹಾಯತೆಯನ್ನು ಪುರುಷರೂ ತೋಡಿಕೊಂಡರು. ಅವರ ಅಳಲನ್ನು ಅದುವರೆಗೆ ಕೇಳಿದವರು ಬಹಳ ಕಡಿಮೆ. ನಂಬದ ಮನೆಯಲ್ಲಿ ಅವಳೊಬ್ಬಳೇ ನೋಯುತ್ತಾಳೆ. ನಂಬಿದ ಮನೆಯಲ್ಲಿ ಭಾರವನ್ನು ಇಬ್ಬರು ಹೊರುತ್ತಾರೆ. ಭಾರವು ಕಡಿಮೆಯಾಗದಿದ್ದರೂ ಹೊರುವ ಹೆಗಲು ಎರಡಾಗುತ್ತವೆ.

ಇಲ್ಲಿ ಎರಡು ಆಕ್ಷೇಪಗಳು ಏಳಬಹುದು. ಹೇಳಿದವರನ್ನೆಲ್ಲ ನಂಬಿದರೆ ಸುಳ್ಳು ನೆವ ಹೂಡುವವರಿಗೆ ದಾರಿಯಾಗುವುದಿಲ್ಲವೆ ಎಂಬುದು ಮೊದಲನೆಯದು. ಆಗಬಹುದು. ಆದರೆ ಎರಡು ತಪ್ಪುಗಳನ್ನು ತಕ್ಕಡಿಗೆ ಹಾಕಿ ನೋಡಬೇಕು. ಸುಳ್ಳುಗಾರಳನ್ನು ನಂಬಿದರೆ ಹೋಗುವುದು ಒಂದು ದಿನದ ಕೆಲಸ. ಸತ್ಯವಂತಳನ್ನು ನಂಬದಿದ್ದರೆ ಹೋಗುವುದು ಅವಳ ಬಾಳಿನ ಹಲವು ವರ್ಷ. ಇಲ್ಲದ ನೋವನ್ನು ಇದೆಯೆನ್ನುವವರಿಗಿಂತ ಇರುವ ನೋವನ್ನು ಇಲ್ಲವೆನ್ನುವವರೇ ಹೆಚ್ಚೆಂಬುದನ್ನು ಈ ಅಧ್ಯಯನಗಳು ಸೂಚಿಸುತ್ತವೆ.

ಎರಡನೆಯ ಆಕ್ಷೇಪವು ಹೆಚ್ಚು ಗಂಭೀರವಾದುದು. ಮುಟ್ಟಿನ ರಜೆಯನ್ನು ಕಡ್ಡಾಯ ಮಾಡಿದರೆ ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಳ್ಳುವುದಕ್ಕೇ ಜನ ಹಿಂಜರಿಯಬಹುದೆಂದು ಭಾರತದ ಸರ್ವೋಚ್ಚ ನ್ಯಾಯಾಲಯವು 2024ರ ಜುಲೈನಲ್ಲಿ ಆತಂಕವನ್ನು ಸೂಚಿಸಿತು. ಇದು ತಳ್ಳಿಹಾಕುವ ಮಾತಲ್ಲ. ಜಪಾನಿನಲ್ಲಿ 1947ರಿಂದಲೂ ಇಂಥ ರಜೆಯ ಹಕ್ಕಿದ್ದರೂ ಅದನ್ನು ಬಳಸುವವರು ಅತಿ ವಿರಳ. ನಂಬಿಕೆಯಿಲ್ಲದ ಕಡೆ ಕಾನೂನು ಕಾಗದದಲ್ಲಿಯೇ ಉಳಿಯುತ್ತದೆ. ಆದರೂ ಯಜಮಾನನು ಹಿಂಜರಿದಾನೆಂಬ ಭಯವು ನೋವಿಗೆ ಉತ್ತರವಾಗಲಾರದು. ಅದು ಯಜಮಾನನ ಅಳತೆಗೋಲಿನ ದೋಷವನ್ನು ತೋರಿಸುತ್ತದೆ, ಅಷ್ಟೆ. ಸ್ಪೇನ್ ದೇಶವು 2023ರಲ್ಲಿ, ಮುಟ್ಟಿನ ನೋವಿನಿಂದ ದುಡಿಯಲಾರದವರಿಗೆ ವೈದ್ಯರ ಒಪ್ಪಿಗೆಯ ಮೇಲೆ ಸರ್ಕಾರವೇ ವೆಚ್ಚ ಭರಿಸುವ ರಜೆಯನ್ನು ವಿಧಿಸಿತು. ಕರ್ನಾಟಕದ ಸಚಿವಸಂಪುಟವು 2025ರ ಅಕ್ಟೋಬರಿನಲ್ಲಿ, ಸರ್ಕಾರಿ ಹಾಗೂ ಖಾಸಗಿ ಉದ್ಯೋಗದ ಸ್ತ್ರೀಯರಿಗೆ ವರ್ಷಕ್ಕೆ 12 ದಿನಗಳ ಸಂಬಳಸಹಿತ ಮುಟ್ಟಿನ ರಜೆಗೆ ಒಪ್ಪಿಗೆಯಿತ್ತಿತು. ಇವು ಸ್ವಾಗತಾರ್ಹ. ಆದರೆ ಈ ವ್ಯಾಧಿಯ ನೋವು ಮುಟ್ಟಿನ ದಿನಗಳಿಗೇ ಕಟ್ಟುಬಿದ್ದುದಲ್ಲ. ಕಳೆ ಕೀಳುವ ಕೂಲಿಯವಳಿಗೂ ಮನೆಗೆಲಸದವಳಿಗೂ ರಜೆಯೆಂದರೆ ಇಂದಿಗೂ ಕೂಲಿಯಿಲ್ಲದ ದಿನವೇ. ಅವರ ಪಾಲಿಗೆ ಕಾನೂನಿನ ಬದಲು ಇರುವುದು, ಕೆಲಸ ಕೊಟ್ಟವರ ಅಂತಃಕರಣವೊಂದೇ.

ಪರರ ನೋವನ್ನು ಪೂರ್ಣವಾಗಿ ಅರಿಯುವುದು ಯಾರಿಗೂ ಸಾಧ್ಯವಿಲ್ಲ ನಿಜ. ಆದರೆ ಅರಿಯಲಾರೆನೆಂಬುದು ಅಲ್ಲಗಳೆಯಲು ಕೊಟ್ಟ ಅಧಿಕಾರವಲ್ಲ. ಕೇಳಿಸಿಕೊಳ್ಳಲು ಇರುವ ಕಾರಣ. ಕಾಣದ ದೇವರನ್ನು ಅನುಭಾವಿಗಳ ಮಾತಿನ ಬಲದಿಂದ ನಂಬುವ ಜನ, ಎದುರಿಗೇ ಕುಳಿತ ಮಗಳ ಮಾತಿಗೆ ಸಾಕ್ಷಿಯನ್ನು ಬೇಡುವುದು ಯಾವ ಧರ್ಮ? ಹೊಟ್ಟೆ ಹಿಡಿದುಕೊಂಡು ಮೂಲೆಯಲ್ಲಿ ಮಲಗಿದವಳಿಗೆ ‘ಎಲ್ಲರಿಗೂ ಆಗುವುದೇ’ ಎನ್ನುವ ಬದಲು, ‘ಎಲ್ಲಿ ನೋಯುತ್ತಿದೆಯಮ್ಮ, ಎಂದಿನಿಂದ?’ ಎಂದು ಕೇಳಿ ವೈದ್ಯರಲ್ಲಿಗೆ ಕರೆದೊಯ್ದರೆ, ಆರೇಳು ವರ್ಷಗಳ ವಿಳಂಬವು ಆ ಮನೆಯ ಮಟ್ಟಿಗೆ ಅಂದೇ ಮೊಟಕಾಗುವುದು. ದಯೆಯು ಇಷ್ಟು ಸಣ್ಣ ಪ್ರಶ್ನೆಯಿಂದಲೇ ಆರಂಭವಾಗುತ್ತದೆ.