ಖಾಲಿ ಮನೆಗಳ ನಾಡಿನಲ್ಲಿ ಬಾಡಿಗೆಯ ಲೆಕ್ಕ

2011ರ ಜನಗಣತಿಯ ಹೊತ್ತಿಗೇ ಕೇರಳದಲ್ಲಿ 10 ಲಕ್ಷಕ್ಕೂ ಹೆಚ್ಚು ಮನೆಗಳು ಖಾಲಿ ಬಿದ್ದಿದ್ದವು. ಅಂಥಲ್ಲಿ ಬಾಡಿಗೆಗೆಂದು ಇನ್ನೊಂದು ಮನೆ ಕೊಳ್ಳುವವರು ಚದರಡಿಯ ದರ ಕೇಳುವ ಮೊದಲು, ಇಲ್ಲಿಗೆ ಯಾರು, ಏನು ಕೆಲಸಕ್ಕೆ ಬಂದು ಇರುತ್ತಾರೆ ಎಂದು ವಿಚಾರಿಸಲಿ.

*

ಕೊಚ್ಚಿಯ ಕಾಕ್ಕನಾಡಿಗೆ ಇನ್ಫೋಪಾರ್ಕ್ ಬಾಡಿಗೆ ತಂದಿತು. ತಿರುವನಂತಪುರದ ಕಳಕ್ಕೂಟ್ಟಂಗೆ 1990ರಲ್ಲಿ ಶುರುವಾದ ಟೆಕ್ನೋಪಾರ್ಕ್. 2020ರಲ್ಲಿ ಅಲ್ಲಿನ ಐಟಿ ಕಂಪನಿಗಳು ‘ಮನೆಯಿಂದಲೇ ಕೆಲಸ ಮಾಡಿ’ ಎಂದವು. ಹುಡುಗರು ಬ್ಯಾಗು ಹೆಗಲಿಗೇರಿಸಿ ಊರಿಗೆ ಹೋದರು, ಸಾಲದ ಕಂತು ಮಾತ್ರ ಮಾಲೀಕರ ಜೊತೆ ಉಳಿಯಿತು.

*

‘ಕಂತನ್ನು ಬಾಡಿಗೆಯೇ ಕಟ್ಟಿಕೊಂಡು ಹೋಗುತ್ತೆ’ ಎನ್ನುವವನು ಹೆಚ್ಚಾಗಿ ಮಾರಲು ಬಂದವನೇ.

*

ಕೇರಳದಲ್ಲಿ ಮುದ್ರಾಂಕ ಶುಲ್ಕ ನೂರಕ್ಕೆ 8, ನೋಂದಣಿಗೆ 2. 60 ಲಕ್ಷದ ಫ್ಲ್ಯಾಟು ಕೈಸೇರುವಾಗ 66 ಲಕ್ಷ. ತಿಂಗಳಿಗೆ 18 ಸಾವಿರ ಬಾಡಿಗೆ ಬಂತೆನ್ನಿ, ವರ್ಷಕ್ಕೆ 2.16 ಲಕ್ಷ. ಒಂದು ತಿಂಗಳು ಖಾಲಿ, ಒಮ್ಮೆ ಪೇಂಟು, ಎರಡು ಸಲ ಪ್ಲಂಬರು, ಕಾರ್ಪೊರೇಷನ್ ತೆರಿಗೆ ಎಲ್ಲ ಕಳೆದರೆ ಉಳಿಯುವುದು 1.7 ಲಕ್ಷದ ಆಸುಪಾಸು. ನೂರಕ್ಕೆ ಎರಡೂವರೆ! ಬ್ಯಾಂಕಿನ ಠೇವಣಿ ಮಲಗಿದಲ್ಲೇ ಇದಕ್ಕಿಂತ ಹೆಚ್ಚು ದುಡಿಯುತ್ತದೆ. ಮುಂದೆ ಬೆಲೆ ಏರೀತು ಎಂಬ ನಂಬಿಕೆಯಿದ್ದರೆ ಕೊಳ್ಳಿ, ಬೇಡವೆನ್ನುವುದಿಲ್ಲ. ಆ ನಂಬಿಕೆಯನ್ನು ಆದಾಯದ ಕಾಲಂನಲ್ಲಿ ಬರೆಯಬೇಡಿ, ಅಷ್ಟೆ.

*

ಕೊಚ್ಚಿಯ ಮರಡಿನ ಫ್ಲ್ಯಾಟುಗಳಿಗೆ ಪಂಚಾಯತಿಯ ಪರವಾನಗಿ ಇತ್ತು, ಮನೆ ನಂಬರಿತ್ತು, ಕರೆಂಟಿತ್ತು, ಕೊಂಡವರಿಗೆ ಬ್ಯಾಂಕುಗಳು ಸಾಲವನ್ನೂ ಕೊಟ್ಟಿದ್ದವು. ಇಷ್ಟೆಲ್ಲ ಇದ್ದೂ ಕಟ್ಟಿದ್ದು ಕರಾವಳಿ ನಿಯಂತ್ರಣ ವಲಯದ ನಿಯಮ ಮೀರಿ. 2019ರ ಮೇ 8ರಂದು ಸುಪ್ರೀಂ ಕೋರ್ಟ್ ಕೆಡವಿ ಎಂದಿತು. 2020ರ ಜನವರಿ 11 ಮತ್ತು 12ರಂದು ನಾಲ್ಕು ಸಮುಚ್ಚಯಗಳು ಸ್ಫೋಟಕಕ್ಕೆ ಕುಸಿದವು. ಟಿವಿ ಮುಂದೆ ಕೂತವರಿಗೆ ಕೆಲವೇ ಸೆಕೆಂಡುಗಳ ದೃಶ್ಯ. ಮಾಲೀಕರಿಗೆ ಕೋರ್ಟು ಕೊಡಿಸಿದ ಮಧ್ಯಂತರ ಪರಿಹಾರ ತಲಾ 25 ಲಕ್ಷ. ಹಿನ್ನೀರು ಕಾಣುವ ಬಾಲ್ಕನಿಗೆ ದುಡ್ಡು ಹೆಚ್ಚು ಕೇಳುತ್ತಾರಲ್ಲ, ಆಗ ನೀರಿಗೂ ಗೋಡೆಗೂ ನಡುವೆ ಎಷ್ಟು ಮೀಟರ್ ಎಂದು ಅಳೆಸಿ. ಕರ ಕಟ್ಟಿದ ರಸೀದಿ ಕರ ಕಟ್ಟಿದ್ದಕ್ಕಷ್ಟೇ ಸಾಕ್ಷಿ.

*

ಹೊಸದೆಲ್ಲ ಗಟ್ಟಿಯೂ ಅಲ್ಲ. ಕೊಚ್ಚಿಯ ವೈಟ್ಟಿಲದಲ್ಲಿ ಸೈನಿಕ ಕುಟುಂಬಗಳಿಗೆಂದು ಕಟ್ಟಿ 2018ರಲ್ಲಿ ಕೊಟ್ಟ ಚಂದರ್ ಕುಂಜ್‌ನ ಎರಡು ಗೋಪುರಗಳನ್ನು ಕೆಡವಿ ಕಟ್ಟಬೇಕೆಂದು ಕೇರಳ ಹೈಕೋರ್ಟ್ 2025ರಲ್ಲಿ ಹೇಳಿತು.

*

ಮಣ್ಣು ತುಂಬಿದೆ, ಕಾಂಪೌಂಡ್ ಎದ್ದಿದೆ, ಗೇಟೂ ಇದೆ. ವಿಲೇಜ್ ಆಫೀಸಿನ ದಾಖಲೆಯಲ್ಲಿ ‘ನಿಲಂ’ ಎಂದೇ ಉಳಿದಿದ್ದರೆ ಅದು ಇನ್ನೂ ಗದ್ದೆ. 2008ರ ಗದ್ದೆ ಸಂರಕ್ಷಣಾ ಕಾಯ್ದೆ ಅದರ ಕಾವಲಿಗಿದೆ.

*

ಮಾರ್ಚ್ ತಿಂಗಳಲ್ಲಿ ಎಲ್ಲರ ಸೀಲಿಂಗೂ ಬಿಳಿ. ಮನೆ ನೋಡುವುದಾದರೆ ಕರ್ಕಾಟಕದ ಮಳೆಯಲ್ಲಿ ಹೋಗಿ. ಬಚ್ಚಲಿನ ಹಿಂಬದಿ ಗೋಡೆಗೆ ಅಂಗೈ ಒತ್ತಿ, ವಾರ್ಡ್‌ರೋಬಿನೊಳಗೆ ತಲೆ ತೂರಿಸಿ ಮೂಸಿ, ಸಿಂಕಿನ ಕೆಳಗಿನ ಹಲಗೆ ಉಬ್ಬಿದೆಯೇ ನೋಡಿ. ಆಲುವಾ ಕಡೆಯಾದರೆ 2018ರ ಆಗಸ್ಟ್‌ನಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಪಕ್ಕದ ಮನೆಯವರನ್ನು ಕೇಳಿ. ಮಾರುವವರು ಮಂಡಿ ತೋರಿಸಿದಲ್ಲಿ ನೆರೆಯವರು ಎದೆ ತೋರಿಸಿಯಾರು.

*

ಬೇಸಿಗೆಯ ನೀರಿನ ಟ್ಯಾಂಕರು, ಕಸ ಒಯ್ಯುವ ಹರಿತ ಕರ್ಮ ಸೇನೆಯ ತಿಂಗಳ ಶುಲ್ಕ, ಅಸೋಸಿಯೇಷನ್ ಮೆಂಟೆನೆನ್ಸು. ಇವು ಯಾರ ಪಾಲಿಗೆಂದು ಕರಾರಿನಲ್ಲೇ ಬರೆಯಿರಿ. ಮಾಲೀಕರೂ ಬಾಡಿಗೆದಾರರೂ ಮಾತು ಬಿಡುವುದು ಇಂಥ ಚಿಲ್ಲರೆಗೇ.

*

11 ತಿಂಗಳ ಕರಾರು ನೋಂದಣಿಯ ಖರ್ಚು ಉಳಿಸುತ್ತದೆ. ಹನ್ನೆರಡನೆಯ ತಿಂಗಳು ಮನೆ ತಾನೇ ಖಾಲಿಯಾಗುತ್ತದೆಂದು ಯಾರು ಹೇಳಿದರು? 1965ರ ಕೇರಳ ಬಾಡಿಗೆ ನಿಯಂತ್ರಣ ಕಾಯ್ದೆಯಡಿ ಬಾಡಿಗೆದಾರರನ್ನು ಎಬ್ಬಿಸಲು ಬಾಕಿ, ಸ್ವಂತ ಅಗತ್ಯ ಇಂಥ ಕಾರಣ ತೋರಿಸಬೇಕು. ಬೀಗ ಬದಲಿಸುವುದು, ಕರೆಂಟು ಕಡಿಸುವುದು ಕಾನೂನಲ್ಲ, ಪುಂಡಾಟ.

*

ತಿರುವನಂತಪುರದ ‘ಒತ್ತಿ’ ಬೆಂಗಳೂರಿನ ಭೋಗ್ಯದ ಬಗೆಯದು: ಬಾಡಿಗೆಯಿಲ್ಲ, ಇಡಿಗಂಟು ಮೊದಲೇ. ಆ ಗಂಟಿನಲ್ಲಿ ಮಗಳ ಮದುವೆ ಮಾಡಿದವರು ಅವಧಿ ಮುಗಿದಾಗ ಇನ್ನೊಬ್ಬ ಒತ್ತಿಯವನನ್ನು ಹುಡುಕಿಕೊಂಡು ಅಲೆಯುತ್ತಾರೆ.

*

ಇನ್ಫೋಪಾರ್ಕಿನ ಪಕ್ಕ ಮನೆ ಕೊಂಡು ‘ಬ್ಯಾಚುಲರ್‌ಗಳಿಗೆ ಕೊಡುವುದಿಲ್ಲ’ ಎನ್ನುವುದು ಬಂದರಿನಲ್ಲಿ ಅಂಗಡಿಯಿಟ್ಟು ಮೀನಿನ ವಾಸನೆ ಆಗದು ಎಂದಂತೆ.

*

ಆದಾಯ ತೆರಿಗೆಯವರು ಬಾಡಿಗೆಯಲ್ಲಿ ನೂರಕ್ಕೆ 30 ಕಳೆದು ಉಳಿದದ್ದಕ್ಕೆ ತೆರಿಗೆ ಹಾಕುತ್ತಾರೆ, ನೀವು ಒಂದು ಮೊಳೆ ಹೊಡೆಸದಿದ್ದರೂ. ಹೊಡೆಸಿ.

*

ಕಾಸರಗೋಡಿನಲ್ಲಿ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿ ರಾತ್ರಿಯಿಡೀ ಪ್ರಯಾಣ ಮಾಡಿ ಬಂದವರು ತಿರುವನಂತಪುರ ಮೆಡಿಕಲ್ ಕಾಲೇಜಿನ ಸುತ್ತ, ಕುಮಾರಪುರಂ, ಉಳ್ಳೂರು ಕಡೆ ರೂಮು ಕೇಳುತ್ತಾರೆ. ರೀಜನಲ್ ಕ್ಯಾನ್ಸರ್ ಸೆಂಟರ್ ಅಲ್ಲಿದೆ, ಶ್ರೀ ಚಿತ್ರಾ ಆಸ್ಪತ್ರೆಯೂ ಅಲ್ಲೇ. ಅವರಿಗೆ ಹನ್ನೊಂದು ತಿಂಗಳ ಕರಾರು ಯಾಕೆ? ಚಿಕಿತ್ಸೆಯ ಒಂದು ಸುತ್ತು ಮುಗಿಯುವಷ್ಟು ದಿನ, ಗಂಜಿ ಬೇಯಿಸಲು ಒಂದು ಒಲೆ, ಹೆಚ್ಚು ಮೆಟ್ಟಿಲಿಲ್ಲದ ಬಾಗಿಲು ಸಾಕು. ಬರುವವರು ತಪ್ಪುವುದಿಲ್ಲವಾದ್ದರಿಂದ ಹೂಡಿಕೆಯ ಲೆಕ್ಕದಲ್ಲಿ ಇದಕ್ಕಿಂತ ಭದ್ರವಾದ ಬಾಡಿಗೆಯಿಲ್ಲ. ಅದನ್ನು ತಿಳಿದೇ ದರ ಏರಿಸುವವರೂ ಉಂಟು. ನನಗೆ ಅಂಥವರ ಜಾಣತನದ ಬಗ್ಗೆ ಅನುಮಾನವಿಲ್ಲ, ಅವರ ಮನೆಯಲ್ಲಿ ನೀರು ಕುಡಿಯಲಾರೆ.

*

ಅಡ್ವಾನ್ಸನ್ನು ಬೇರೆ ಖಾತೆಯಲ್ಲಿಡಿ. ಕೀ ಕೈಗೆ ಬಂದ ಸಂಜೆಯೊಳಗೆ ಹಿಂತಿರುಗಿಸಿದರೆ ಮುಂದಿನವರನ್ನು ಹೋಗುವವರೇ ಕರೆತರುವುದುಂಟು. ದಲ್ಲಾಳಿಗೆ ಕೊಡುವ ಕಮಿಷನ್ ಉಳಿಯುತ್ತದೆ, ಮನೆ ಒಂದು ತಿಂಗಳು ಖಾಲಿ ಕೂರುವುದೂ ತಪ್ಪುತ್ತದೆ.