ಹೆಸರಿಲ್ಲದ ಸೈಕಲ್ಲು

ಭಾನುವಾರದ ಬೆಳಿಗ್ಗೆ ಅಬಿಡ್ಸಿನ ಅಂಗಡಿಗಳು ಬಾಗಿಲು ಹಾಕಿರುವಾಗ ಅವುಗಳ ಮುಂದಿನ ಕಾಲುದಾರಿಯ ಮೇಲೆ ಹಳೆಯ ಪುಸ್ತಕಗಳ ಸಂತೆ ಕೂಡುವುದು ಈ ಊರಿನ ಕನ್ನಡಿಗರೆಲ್ಲರಿಗೂ ಗೊತ್ತಿರುವ ಸಂಗತಿಯೇ. ಅಲ್ಲಿಗೆ ಪುಸ್ತಕಕ್ಕೆಂದು ಹೋದ ನಾನು ಒಂದು ದಿನ ಸೈಕಲ್ಲನ್ನು ಹೊತ್ತುಕೊಂಡು ಮನೆಗೆ ಬಂದೆ. ಹೊತ್ತುಕೊಂಡು ಎಂದೆನಲ್ಲವೆ, ಏರಿಕೊಂಡು ಬರುವ ಸ್ಥಿತಿಯಲ್ಲಿ ಅದು ಇರಲಿಲ್ಲ. ಹಿಂದಿನ ಗಲ್ಲಿಯ ಗುಜರಿಯವನು ಅದನ್ನು ತೂಕಕ್ಕೆ ಹಾಕುವುದರಲ್ಲಿದ್ದ. ಕುತೂಹಲಕ್ಕೆ ಎತ್ತಿ ನೋಡಿದೆ. ಅಷ್ಟು ಹಗುರವಾದ ಉಕ್ಕಿನ ಸೈಕಲ್ಲನ್ನು ನಾನು ಅದುವರೆಗೆ ಮುಟ್ಟಿರಲಿಲ್ಲ. ಬಾಗಿದ ಹ್ಯಾಂಡಲ್ಲು, ಸಪೂರ ಗಾಲಿ, ಮೈಮೇಲೆ ದಪ್ಪಗೆ ಬಳಿದ ಕಪ್ಪು ಬಣ್ಣ. ಹೆಸರು ಮಾತ್ರ ಎಲ್ಲಿಯೂ ಇರಲಿಲ್ಲ.

ನಾನು ಬೆಳೆದದ್ದು ವಿಜಯಪುರದ ಕಡೆ. ಆ ಸೀಮೆಗೂ ಬಾಗಲಕೋಟೆಗೂ ಸೈಕಲ್ ಪಂದ್ಯದ ಹುಚ್ಚು ಇಂದಿಗೂ ಇದೆ. ದೇಶಕ್ಕೆ ಸವಾರರನ್ನು ಕೊಟ್ಟ ನೆಲ ಅದು. ಚಿಕ್ಕಂದಿನಲ್ಲಿ ರಸ್ತೆಯ ಬದಿಗೆ ನಿಂತು ಚಪ್ಪಾಳೆ ತಟ್ಟಿದ್ದೇನೆಯೇ ಹೊರತು ಅಂಥ ಸೈಕಲ್ಲು ನನ್ನದಾಗುವ ಯೋಗ ಇರಲಿಲ್ಲ. ಅರವತ್ತು ದಾಟಿದ ಮೇಲೆ ಅದು ತಾನಾಗಿ ಒದಗಿ ಬಂದಂತಾಯಿತು.

ಪರಿಚಯದ ಮಿಸ್ತ್ರಿಯೊಬ್ಬರ ಬಳಿ ಒಯ್ದೆ. ಪೆಡಲಿನ ಅಚ್ಚು ಕೂಡುವ ಅಡ್ಡ ಕೊಳವೆಯ ಬಲಗಡೆಯ ಕಪ್ಪನ್ನು ಬಿಚ್ಚಲು ಅವರು ರೂಢಿಯಂತೆ ಪಾನಾ ಹಾಕಿ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರು. ಅದು ಇನ್ನಷ್ಟು ಬಿಗಿಯಾಯಿತು. 'ಉಲ್ಟಾ ಹೈ ಸಾಬ್' ಎಂದು ನಕ್ಕರು. ಆ ಉಲ್ಟಾ ಥ್ರೆಡ್ಡೇ ನಮಗೆ ಸಿಕ್ಕ ಮೊದಲ ಸಾಕ್ಷಿ. ಇಂಗ್ಲಿಷ್ ಪದ್ಧತಿಯ ಸೈಕಲ್ಲಿನಲ್ಲಿ ಬಲಗಡೆಯ ಕಪ್ಪಿಗೆ ಎಡಮುರಿ ಥ್ರೆಡ್ಡು. ಇಟಲಿಯವರದರಲ್ಲಿ ಎರಡು ಕಡೆಗೂ ಬಲಮುರಿ. ಆದರೆ ಫ್ರೆಂಚರ ಹಳೆಯ ಸೈಕಲ್ಲುಗಳಲ್ಲಿಯೂ ಎರಡೂ ಬಲಮುರಿಯೇ. ಆದ್ದರಿಂದ ಅಳೆದು ನೋಡಿದೆವು. ಥ್ರೆಡ್ಡಿನ ವ್ಯಾಸ 36 ಮಿಲಿಮೀಟರು. ಇದು ಇಟಲಿಯ ಅಳತೆ. ಇಲ್ಲಿಯೂ ಒಂದು ತೊಡಕಿದೆ: ಇಂಗ್ಲಿಷ್ ಕೊಳವೆಯ ಥ್ರೆಡ್ಡು ಸವೆದಾಗ ಅದನ್ನು ಕೊರೆದು ಇಟಲಿಯ ಅಳತೆಗೆ ಹಿಗ್ಗಿಸುವ ರೂಢಿಯುಂಟು. ಆದರೆ ಕೊಳವೆಯ ಅಗಲ 70 ಮಿಲಿಮೀಟರು ಇತ್ತು. ಇಂಗ್ಲಿಷರದಾಗಿದ್ದರೆ 68 ಇರಬೇಕಾಗಿತ್ತು. ಕೊರೆದು ಹಿಗ್ಗಿಸಬಹುದು, ಉದ್ದ ಬೆಳೆಸಲಾಗದು. ಒಬ್ಬ ಸಾಕ್ಷಿಯ ಮಾತು ನಂಬಿ ತೀರ್ಪು ಕೊಡಬಾರದೆಂಬ ಹಿರಿಯರ ವಿವೇಕ ಕಬ್ಬಿಣಕ್ಕೂ ಅನ್ವಯಿಸುತ್ತದೆ.

ಹಿಂದಿನ ಗಾಲಿಯ ಹಬ್ಬಿನ ಮೇಲೆ ಕಾಂಪಾಗ್ನೋಲೊ ಎಂಬ ಹೆಸರಿತ್ತು. ವಿಚೆನ್ಸಾ ನಗರದಲ್ಲಿ ಟುಲಿಯೊ ಕಾಂಪಾಗ್ನೋಲೊ 1933ರಲ್ಲಿ ಆರಂಭಿಸಿದ ಪ್ರಸಿದ್ಧ ಕಾರ್ಖಾನೆ ಅದು. ನಟ್ಟಿನ ಮೇಲೆ 68 ಎಂಬ ಅಂಕಿ, ಅಂದರೆ 1968. ಆದರೆ ಗಾಲಿ ಬದಲಾಗುವ ವಸ್ತು. ಅದು ಹಬ್ಬಿನ ವಯಸ್ಸನ್ನು ಹೇಳಿತೇ ಹೊರತು ಚೌಕಟ್ಟಿನ ವಯಸ್ಸನ್ನಲ್ಲ. ಮಾಡಿದವನ ಹೆಸರು ಹಾಗೆಯೇ ಉಳಿಯಿತು.

ಕಪ್ಪು ಬಣ್ಣವನ್ನು ಕೆರೆಯುತ್ತಿದ್ದಾಗ ಅಡ್ಡ ಕೊಳವೆಯ ತಳದಲ್ಲಿ ಹೆಬ್ಬೆರಳಗಲದಷ್ಟು ತಿಳಿ ಹಸಿರು ನೀಲಿ ಕಂಡಿತು. ನನ್ನ ಎದೆ ಹಾರಿತು. ಎದುವಾರ್ದೊ ಬಿಯಾಂಕಿ 1885ರಲ್ಲಿ ಮಿಲಾನಿನಲ್ಲಿ ತೆರೆದ ಕಾರ್ಖಾನೆಯ ಸೈಕಲ್ಲುಗಳಿಗೆ ಜಗತ್ತಿನಲ್ಲೆಲ್ಲ ಗುರುತಾದ ಬಣ್ಣ ಅದೇ. ಫಾವುಸ್ತೊ ಕೊಪ್ಪಿ ಏರಿದ ಸೈಕಲ್ಲಿನ ಬಣ್ಣ. ಅದೇ ವಾರ ಸಂಘದಲ್ಲಿ ಚಹದ ಹೊತ್ತಿಗೆ ನಾಲ್ಕು ಜನರೆದುರು 'ನನ್ನ ಬಳಿ ಒಂದು ಬಿಯಾಂಕಿ ಇದೆ' ಎಂದುಬಿಟ್ಟೆ. ಅವರು ಕಣ್ಣರಳಿಸಿದರು. ಆ ಕ್ಷಣದ ಸುಖವನ್ನು ನಾನು ಅಲ್ಲಗಳೆಯಲಾರೆ.

ಮನೆಗೆ ಬರುವಷ್ಟರಲ್ಲಿ ಮನಸ್ಸು ಕುಟುಕತೊಡಗಿತು. ಬಣ್ಣವೆಂಬುದು ರುಜು ಅಲ್ಲ. ಯಾವ ಬಣ್ಣಗಾರನಾದರೂ ಯಾವ ಚೌಕಟ್ಟಿಗಾದರೂ ಅದನ್ನು ಬಳಿಯಬಹುದಿತ್ತು. ನನಗೆ ತಿಳಿದದ್ದು 'ಇಟಲಿಯದು' ಎಂಬಷ್ಟು ಮಾತ್ರ. ಹೇಳಿದ್ದು ಅದಕ್ಕಿಂತ ಹೆಚ್ಚು.

ನನ್ನ ತಂಗಿಯ ಮಗ ಈ ಸಂಕಟವನ್ನು ಒಪ್ಪಲಿಲ್ಲ. ಈಗ ಹಳೆಯ ಮಾದರಿಯ ಅಕ್ಷರಗಳ ಸ್ಟಿಕ್ಕರುಗಳು ಮನೆಬಾಗಿಲಿಗೆ ಬರುತ್ತವೆ. ತರಿಸಿ ಹಚ್ಚೋಣವೆಂದ. 'ಯಾರಿಗಿ ಮೋಸ ಮಾಮಾ? ನಾವೇನು ಇದನ್ನ ಮಾರಾಕ ಹೊಂಟೀವೇನು?' ಎಂದು ಕೇಳಿದ.

ಪ್ರಶ್ನೆ ಸುಲಭದ್ದಲ್ಲ. ಸರಪಳಿ, ಟೈರು, ಬ್ರೇಕಿನ ರಬ್ಬರು, ತಂತಿ ಎಲ್ಲವನ್ನೂ ಹೊಸದಾಗಿ ಹಾಕಿದ್ದೆವು. ಅದು ಸುಳ್ಳಲ್ಲವಾದರೆ ನಾಲ್ಕು ಅಕ್ಷರ ಹಚ್ಚುವುದು ಸುಳ್ಳು ಹೇಗಾದೀತು? ಥೀಸಿಯಸನ ಹಡಗಿನ ಹಲಗೆಗಳನ್ನು ಒಂದೊಂದಾಗಿ ಬದಲಿಸಿದ ಮೇಲೂ ಅದು ಅದೇ ಹಡಗೋ ಎಂದು ಗ್ರೀಕರು ವಾದಿಸುತ್ತಿದ್ದರೆಂದು ಪ್ಲೂಟಾರ್ಕ್ ಬರೆದಿದ್ದಾನೆ. ನಮ್ಮ ನೆಲದ 'ಮಿಲಿಂದಪನ್ಹ'ದಲ್ಲಿ ನಾಗಸೇನ ಇನ್ನೂ ಮುಂದಕ್ಕೆ ಹೋಗುತ್ತಾನೆ. ರಥವೆಂದರೆ ಅಚ್ಚೋ, ಗಾಲಿಯೋ, ನೊಗವೋ ಎಂದು ದೊರೆಯನ್ನು ಕೇಳಿ, ಯಾವುದೂ ಅಲ್ಲವೆನಿಸಿ, ರಥವೆಂಬುದು ಇವೆಲ್ಲ ಕೂಡಿದಾಗ ವ್ಯವಹಾರಕ್ಕಾಗಿ ಇಟ್ಟುಕೊಂಡ ಹೆಸರಷ್ಟೇ ಎಂದು ತೋರಿಸುತ್ತಾನೆ. ಹೆಸರು ಬರಿಯ ವ್ಯವಹಾರವಾದರೆ ಬಿಯಾಂಕಿ ಎಂದು ಕರೆಯಲು ಅಡ್ಡಿಯೇನು?

ಅಡ್ಡಿ ಆ ವ್ಯವಹಾರ ಎಂಬ ಮಾತಿನಲ್ಲಿಯೇ ಇದೆಯೆಂದು ನನಗೆ ತೋರುತ್ತದೆ. ವ್ಯವಹಾರ ಒಬ್ಬನಿಂದ ಆಗುವುದಲ್ಲ. ಅದು ಇಬ್ಬರ ನಡುವಿನ ನಂಬಿಕೆ. ಹೊಸ ಟೈರು ನೋಡಿದವನಿಗೆ ಇದು ಹೊಸ ಟೈರೆಂದೇ ಹೇಳುತ್ತದೆ. ಆದರೆ ಸ್ಟಿಕ್ಕರು 'ನನ್ನನ್ನು ಇಂಥವನು ಮಾಡಿದ' ಎಂದು ಸಾಕ್ಷಿ ನುಡಿಯುತ್ತದೆ. ನಾನು ಮಾರದಿರಬಹುದು. ನಾನು ಹೋದ ಮೇಲೆ ಸೈಕಲ್ಲು ಇರುತ್ತದೆ, ಯಾರದೋ ಕೈಸೇರುತ್ತದೆ. ಆಗ ತಿದ್ದಲು ನಾನಿರುವುದಿಲ್ಲ. ಸ್ಟಿಕ್ಕರು ಮಾತ್ರ ನುಡಿಯುತ್ತಲೇ ಇರುತ್ತದೆ. ಇನ್ನೊಂದು ಅನ್ಯಾಯವೂ ಉಂಟು. ಯಾವುದೋ ಸಣ್ಣ ಊರಿನ ಕಸುಬುಗಾರನೊಬ್ಬ ಇದನ್ನು ಬೆಸೆದಿರಬಹುದು. ಅವನ ಹೆಸರು ಅಳಿದುಹೋಗಿದೆ. ಅವನ ದುಡಿಮೆಯನ್ನೂ ಕಸಿದು ದೊಡ್ಡವರ ಲೆಕ್ಕಕ್ಕೆ ಬರೆಯುವ ಹಕ್ಕು ನಮಗಿಲ್ಲ.

ಹುಡುಗ ಸುಮ್ಮನಾಗಲಿಲ್ಲ. ಜೀನೊ ಬಾರ್ತಾಲಿಯ ಕಥೆ ತೆಗೆದ. 1938 ಮತ್ತು 1948ರಲ್ಲಿ ಟೂರ್ ದ ಫ್ರಾನ್ಸ್ ಗೆದ್ದ ಈ ಇಟಲಿಯ ವೀರ, 1943-44ರ ಜರ್ಮನ್ ಆಕ್ರಮಣದ ಕಾಲದಲ್ಲಿ ಯೆಹೂದ್ಯರನ್ನು ಉಳಿಸಲು ಸುಳ್ಳು ಗುರುತಿನ ಕಾಗದಗಳನ್ನು ಸೈಕಲ್ಲಿನ ಕೊಳವೆಯೊಳಗೆ ಅಡಗಿಸಿ ಸಾಗಿಸಿದನೆಂದು 2013ರಲ್ಲಿ ಯಾದ್ ವಾಶೆಮ್ ಸಂಸ್ಥೆ ಮರಣೋತ್ತರವಾಗಿ ಗೌರವಿಸಿತು. 'ಅವನೂ ಸುಳ್ಳು ಹೆಸರೇ ಒಯ್ದ, ಮಾಮಾ!'

ಹೌದು, ಒಯ್ದ. ಆದರೆ ಆ ಸುಳ್ಳು ಹೆಸರು ಒಂದು ಜೀವವನ್ನು ಕೊಲೆಗಡುಕನ ಕಣ್ಣಿನಿಂದ ಮರೆಮಾಡುತ್ತಿತ್ತು. ನಾನು ಹಚ್ಚುವ ಹೆಸರು ಮರೆಮಾಡುವುದು ನನ್ನ ಜಂಬವನ್ನು ಮಾತ್ರ. ಸುಳ್ಳುಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಬಾರದೆಂಬ ಅವನ ಮಾತನ್ನು ಒಪ್ಪಿದೆ. ಆದರೆ ನನ್ನ ಸುಳ್ಳು ಯಾವ ತಕ್ಕಡಿಯಲ್ಲಿಟ್ಟರೂ ಹಗುರವೇ.

ಅಬಿಡ್ಸ್ ಎಂಬ ಹೆಸರನ್ನೇ ನೋಡಿ. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಸೇವೆಯಲ್ಲಿದ್ದ ಆಲ್ಬರ್ಟ್ ಅಬಿದ್ ಎಂಬಾತ ಇಲ್ಲಿ ಅಂಗಡಿ ಇಟ್ಟಿದ್ದ. ಅಂಗಡಿ ಹೋಯಿತು, ಹೆಸರು ಉಳಿಯಿತು. ನನ್ನ ಸೈಕಲ್ಲಿನದು ತಿರುಗುಮುರುಗು: ಹೆಸರು ಹೋಯಿತು, ವಸ್ತು ಉಳಿಯಿತು. ಎರಡೂ ಕಾಲದ ಆಟವೇ. ಕಾಲ ಅಳಿಸಿದ್ದನ್ನು ಹುಡುಕುವುದು ನಮ್ಮ ಕೆಲಸ. ಸಿಗದಿದ್ದರೆ ಬರೆದು ತುಂಬುವುದಲ್ಲ.

ಬಣ್ಣ ಬಳಿಯುವ ದಿನ ಮಿಸ್ತ್ರಿ, 'ನಾಮ್ ಕ್ಯಾ ಲಿಖ್ನಾ ಸಾಬ್?' ಎಂದು ಕೇಳಿದರು. ಏನೂ ಬೇಡವೆಂದೆ. ತಳದ ಆ ಹೆಬ್ಬೆರಳಗಲದ ಜಾಗಕ್ಕೆ ಬಣ್ಣ ತಾಗಿಸಬೇಡಿರೆಂದೂ ಹೇಳಿದೆ. ಚೌಕಟ್ಟಿನಲ್ಲಿ ಹಿಂದೆಂದೋ ಯಾರೋ ಹಿತ್ತಾಳೆಯಲ್ಲಿ ಬೆಸೆದ ಒಂದು ತೇಪೆಯಿದೆ. ಅದನ್ನೂ ಉಜ್ಜಿ ಮಾಯಮಾಡದೆ ಉಳಿಸಿಕೊಂಡೆವು. ಹುಡುಗನೇ ಒಂದು ಕಾಗದದಲ್ಲಿ ಅಳತೆಗಳು, ನಟ್ಟಿನ ಮೇಲಿನ ಅಂಕಿ, ಬದಲಿಸಿದ ಭಾಗಗಳ ಪಟ್ಟಿ ಬರೆದ. 'ಮಾಡಿದವರು' ಎಂಬುದರ ಎದುರಿಗೆ 'ತಿಳಿಯದು' ಎಂದು ಬರೆದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಸೀಟಿನ ಕೆಳಗಿನ ಕೊಳವೆಯೊಳಗೆ ಇಳಿಬಿಟ್ಟ.

ಮುಂದಿನ ಸಭೆಯಲ್ಲಿ ಅದೇ ನಾಲ್ವರನ್ನು ಕರೆದು, ನಾನು ಹೇಳಿದ್ದು ನಿಜವಲ್ಲ, ಯಾರು ಮಾಡಿದ್ದೋ ತಿಳಿಯದು ಎಂದೆ. ಒಬ್ಬರು ನಕ್ಕರು. ಇನ್ನೊಬ್ಬ ಹಿರಿಯರು ಮಾತ್ರ, 'ಓಡ್ತದೇನ್ರೀ?' ಎಂದು ಕೇಳಿದರು. ಚೆನ್ನಾಗಿ ಓಡುತ್ತದೆ ಎಂದೆ. ಅದಂತೂ ನನಗೆ ಖಚಿತವಾಗಿ ಗೊತ್ತಿತ್ತು.